ಹಿಮ್ಮಡಿಯ ಹುರಿಯೂ ವೈದ್ಯರ ಕಾಲೂ

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ದಪ್ಪ ಹುರಿಗೆ, ಅಂದರೆ ಅಲ್ಲಿನ ಸ್ನಾಯುರಜ್ಜುವಿಗೆ, ಅಕಿಲೀಸನ ಹೆಸರು ಅಂಟಿದ್ದು ಹೋಮರನಿಂದಲ್ಲ. ‘ಇಲಿಯಡ್’ನಲ್ಲಿ ಆ ವೀರನ ಹಿಮ್ಮಡಿಯ ದೌರ್ಬಲ್ಯದ ಮಾತೇ ಇಲ್ಲ, ಅಲ್ಲಿ ಹಿಂಗಾಲಿನ ಹುರಿಗೆ ತೂತು ಕೊರೆದು ರಥಕ್ಕೆ ಕಟ್ಟಿ ಎಳೆಯುವುದು ಅವನು ಕೊಂದ ಹೆಕ್ಟರನ ಶವವನ್ನು. ತಾಯಿ ಹಿಮ್ಮಡಿ ಹಿಡಿದು ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದ್ದರಿಂದ ಆ ಭಾಗವೊಂದೇ ದುರ್ಬಲವಾಗಿ ಉಳಿಯಿತೆಂಬ ಕಥೆ ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸನದು. ಬೇಡನ ಬಾಣ ಪಾದಕ್ಕೆ ನಾಟಿ ಕೃಷ್ಣಾವತಾರ ಮುಗಿದುದನ್ನು ಬಲ್ಲವರಿಗೆ ಅದು ತೀರ ಹೊಸದೆನಿಸದು. 1693ರಲ್ಲಿ ಲೂವೆನ್ನಿನ ಫಿಲಿಪ್ ವೆರ್ಹೇಯೆನ್ ತನ್ನ ಅಂಗರಚನಾ ಗ್ರಂಥದಲ್ಲಿ ಈ ಹೆಸರನ್ನು ಬಳಸಿದನು. ಒಂದು ಕಾಲನ್ನು ಕಳೆದುಕೊಂಡಿದ್ದ ಈತ ಆ ಕತ್ತರಿಸಿದ ಕಾಲನ್ನೇ ಸೀಳಿ ನೋಡಿದನೆಂಬುದು ಸೊಗಸಾದ ಕಥೆ, ನಂಬತಕ್ಕ ಚರಿತ್ರೆಯಲ್ಲ.

ಈ ಹುರಿಗೆ ಪೆಟ್ಟಾದರೆ ತೀವ್ರ ಜ್ವರವೇರಿ, ಬುದ್ಧಿ ಕದಡಿ, ಸಾವೇ ಬರುವುದೆಂದು ಹಿಪ್ಪೊಕ್ರಟೀಸನ ಪರಂಪರೆ ಎಚ್ಚರಿಸಿತ್ತು. ಸೋಂಕಿಗೆ ಮದ್ದಿಲ್ಲದ ಕಾಲದಲ್ಲಿ ತೆರೆದ ಗಾಯದ ಮಟ್ಟಿಗೆ ಆ ಭಯ ನಿರಾಧಾರವಾಗಿರಲಿಲ್ಲ. ಚರ್ಮ ಹರಿಯದೆ ಒಳಗೇ ಹುರಿ ಕಡಿಯುವ ಸಂದರ್ಭಕ್ಕೆ ಮಾತ್ರ ಅದು ಸಲ್ಲದು. ಇದನ್ನು ತೋರಿಸಿಕೊಟ್ಟವರಲ್ಲಿ ಇಬ್ಬರು ವೈದ್ಯರು ತಮ್ಮ ಕಾಲಿನಿಂದಲೇ ಕಲಿತವರು. 1726ರಲ್ಲಿ ಎಡಿನ್‌ಬರೊದ ಅಲೆಕ್ಸಾಂಡರ್ ಮನ್ರೊ ತನ್ನ ಹುರಿ ಹರಿದಾಗ, ಪಾದದ ಚೀಲದ ಹಿಮ್ಮಡಿಯಿಂದ ಮೀನಖಂಡದ ಪಟ್ಟಿಗೆ ವಾರು ಎಳೆದು ಕಟ್ಟಿ, ಬೆರಳುಗಳು ಕೆಳಮುಖವಾಗಿರುವಂತೆ ಮಾಡಿಕೊಂಡನು. ಪಾದ ಹಾಗೆ ಬಾಗಿದ್ದರೆ ಹರಿದ ತುದಿಗಳು ಒಂದಕ್ಕೊಂದು ಹತ್ತಿರವಾಗುತ್ತವೆ. 1767ರಲ್ಲಿ ಲಂಡನ್ನಿನ ಜಾನ್ ಹಂಟರನಿಗೂ ಅದೇ ಗತಿಯಾಯಿತು. ಅವನು ತನ್ನ ಕಾಲನ್ನು ವಾಸಿಮಾಡಿಕೊಂಡುದಲ್ಲದೆ, ನಾಯಿಗಳ ಹುರಿಯನ್ನು ಚರ್ಮದಡಿಯಲ್ಲೇ ಕತ್ತರಿಸಿ ಅದು ಕೂಡಿಕೊಳ್ಳುವ ಬಗೆಯನ್ನು ಪರೀಕ್ಷಿಸಿದನು. ನಾಯಿಗಳ ಪಾಲಿಗೆ ಆ ಕುತೂಹಲ ದುಬಾರಿಯಾಯಿತು.

ಚಿಕಿತ್ಸೆಗಿಂತ ಗುರುತಿಸುವುದೇ ಕಷ್ಟವಾಗಿತ್ತು. ಹಿಂದಿನಿಂದ ಯಾರೋ ಒದ್ದರೆಂದು ರೋಗಿ ತಿರುಗಿ ನೋಡುತ್ತಾನೆ, ಅಲ್ಲಿ ಯಾರೂ ಇರುವುದಿಲ್ಲ; ಬೇರೆ ಸ್ನಾಯುಗಳ ಬಲದಿಂದ ಪಾದವನ್ನು ಸ್ವಲ್ಪ ಕೆಳಕ್ಕೆ ಬಾಗಿಸಬಲ್ಲವನಾದ್ದರಿಂದ, ನೋಡುವವರು ಬರಿಯ ಉಳುಕೆಂದು ಭಾವಿಸಿಬಿಡುತ್ತಾರೆ. ಇದಕ್ಕೆ 1957ರಲ್ಲಿ ಇಂಗ್ಲೆಂಡಿನ ಸಿಮಂಡ್ಸ್, 1962ರಲ್ಲಿ ಅಮೆರಿಕದ ಥಾಂಪ್ಸನ್ ವಿವರಿಸಿದ ಪರೀಕ್ಷೆಗೆ ಬೇಕಾದುದು ಒಂದು ಕೈ ಮಾತ್ರ: ರೋಗಿಯನ್ನು ಬೋರಲು ಮಲಗಿಸಿ, ಪಾದಗಳನ್ನು ಮಂಚದಾಚೆ ಇಳಿಬಿಟ್ಟು ಮೀನಖಂಡವನ್ನು ಹಿಂಡಿದರೆ, ಹುರಿ ಗಟ್ಟಿಯಿರುವ ಕಾಲಿನ ಪಾದ ತಾನಾಗಿ ಬಾಗುತ್ತದೆ, ಹರಿದ ಕಾಲಿನದು ಕದಲುವುದಿಲ್ಲ. ಹಿಮ್ಮಡಿಯ ಮೇಲೆ ಸುಮಾರು 2ರಿಂದ 6 ಸೆಂಟಿಮೀಟರಿನೊಳಗೆ ಬೆರಳಾಡಿಸಿದರೆ ಹಲವು ವೇಳೆ ಹಳ್ಳವೂ ಸಿಗುತ್ತದೆ.

ಹೊಲಿಯಬೇಕೆ, ಹಾಗೆಯೇ ಕೂಡಲು ಬಿಡಬೇಕೆ ಎಂಬ ವಾದ 20ನೇ ಶತಮಾನದುದ್ದಕ್ಕೂ ನಡೆದು ಇನ್ನೂ ನಿಂತಿಲ್ಲ. ಎರಡೂ ಪಕ್ಷದವರು ಇಂದು ತೊಡಿಸುವ ಬೂಟಿನಲ್ಲಿ ಹಿಮ್ಮಡಿಯಡಿ ಬೆಣೆಗಳಿರುತ್ತವೆ. ಅವು ಪಾದವನ್ನು ಮನ್ರೊ ಕಟ್ಟಿಕೊಂಡ ಭಂಗಿಯಲ್ಲೇ ಇರಿಸಿ, ವಾರಗಳು ಕಳೆದಂತೆ ಒಂದೊಂದಾಗಿ ಹೊರಬರುತ್ತವೆ.