ಗಡಂಗಿನ ಸಹವಾಸ

ತೆಂಗಿನ ಅಥವಾ ತಾಳೆಯ ಹೊಂಬಾಳೆಗೆ ಕಟ್ಟಿದ ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಸಿಹಿಯಾಗಿಯೇ ಉಳಿದು ಬೆಲ್ಲಕ್ಕೆ ಒದಗುವ ರಸವು, ಸುಣ್ಣವಿಲ್ಲದಿದ್ದಲ್ಲಿ ಕೆಲವೇ ತಾಸುಗಳೊಳಗೆ ಹುಳಿಯೇರಿ ಕಳ್ಳಾಗುವುದೆಂಬುದನ್ನು ಉಡುಪಿಯ ಕಡಿಯಾಳಿಯ ಆಸುಪಾಸಿನ, ಕಳ್ಳಿಳಿಸುವ ಮೂರ್ತೆಯವರು ತಲೆಮಾರುಗಳಿಂದ ಬಲ್ಲರು. ಆ ಕಳ್ಳು ದೈವಕ್ಕೂ ಸಲ್ಲುತ್ತಿತ್ತು, ಗದ್ದೆಯಿಂದ ದಣಿದು ಬಂದ ಒಕ್ಕಲಿಗೂ ಸಲ್ಲುತ್ತಿತ್ತು. ಕುಡಿಯುವವನ ಸುತ್ತ ಮನೆಯವರೂ ನೆರೆಯವರೂ ಇರುತ್ತಿದ್ದುದರಿಂದ ಅಮಲಿಗೆ ಒಂದು ಎಲ್ಲೆಯಿತ್ತು. 1886ರ ಮದರಾಸು ಅಬಕಾರಿ ಕಾಯಿದೆಯು ಮರ ಕೆತ್ತುವುದನ್ನೂ ಮಾರುವುದನ್ನೂ ಪರವಾನಗಿಯ ಬಿಗಿಗೆ ತಂದ ಮೇಲೆ, ಕಳ್ಳಿನ ಅಂಗಡಿಯಾದ ಗಡಂಗು ಗುತ್ತಿಗೆದಾರನ ಲಾಭದ ಸ್ಥಳವಾಯಿತು. ಕೂಲಿಯ ಹಣ ಕೈಗೆ ಬಂದ ಸಂಜೆ, ಗುರುತಿನವರಿಗಿಂತ ಅಪರಿಚಿತರೇ ಹೆಚ್ಚಾಗಿದ್ದ ಅಲ್ಲಿನ ಬೆಂಚಿನ ಮೇಲೆ, ಅಮಲಿನ ಮೇಲಿದ್ದ ನೆರೆಯವರ ಕಣ್ಣು ತಪ್ಪಿತು.

ಮಾದಕದ ಮಬ್ಬಿನಲ್ಲಿ ಮನುಷ್ಯನು ದೇಹಸಂಬಂಧದಲ್ಲಿ ದುಡುಕುವುದನ್ನೂ ಅದರಿಂದ ಹಬ್ಬುವ ರೋಗಗಳನ್ನೂ ನಮ್ಮವರು ಬಹುಕಾಲದಿಂದ ಒಬ್ಬೊಬ್ಬನ ನಡತೆಗೆಟ್ಟ ಫಲವೆಂದೇ ಎಣಿಸಿದ್ದಾರೆ. ಈ ಕರಾವಳಿಗೆ ಪೋರ್ಚುಗೀಸರ ಹಡಗುಗಳು ಬಂದುಹೋಗುತ್ತಿದ್ದ 16ನೆಯ ಶತಮಾನದಲ್ಲಿಯೇ ಭಾವಮಿಶ್ರನು ಭಾವಪ್ರಕಾಶದಲ್ಲಿ ಫಿರಂಗರೋಗವನ್ನು (ಸಿಫಿಲಿಸ್) ವರ್ಣಿಸಿ, ಅದು ಸಂಸರ್ಗದಿಂದ ಬರುವುದೆಂದು ಹೇಳಿ, ಪಾದರಸದ ಔಷಧವನ್ನು ವಿಧಿಸಿದ್ದನು. ಔಷಧವು ರೋಗಿಯ ದೇಹಕ್ಕೆ ದೊರಕಿತು. ಅವನನ್ನು ಆ ಸಂಸರ್ಗಕ್ಕೆ ಒಯ್ದ ಜೊತೆಗಾರರ, ಸ್ಥಳದ, ಹಣದ ವಿಚಾರವನ್ನು ಯಾರೂ ಎತ್ತಲಿಲ್ಲ.

ಪಾನನಿರೋಧದ ಕಾಲದಲ್ಲಿಯೂ ಹಾಗೆಯೇ ಆಯಿತು. ದಕ್ಷಿಣ ಕನ್ನಡದಲ್ಲಿ ಕಾರ್ನಾಡು ಸದಾಶಿವರಾಯರಂಥ ತ್ಯಾಗಿಗಳು ಗಾಂಧೀಜಿಯ ಕಾರ್ಯಕ್ರಮವನ್ನು ಮನೆಮನೆಗೆ ಒಯ್ದರು. 1934ರ ಫೆಬ್ರವರಿಯಲ್ಲಿ ಸ್ವತಃ ಗಾಂಧೀಜಿಯೇ ಉಡುಪಿಗೆ ಬಂದರು. 1937ರ ಅಕ್ಟೋಬರ್ 1ರಂದು ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿಷೇಧವು 1948ರ ಹೊತ್ತಿಗೆ ಮದರಾಸು ಪ್ರಾಂತ್ಯವನ್ನೆಲ್ಲ ಆವರಿಸಿತು. ಆ ಸಂಕಲ್ಪದ ಶುದ್ಧಿಯನ್ನು ನಾನು ಗೌರವಿಸುತ್ತೇನೆ. ಆದರೆ ಬಾಗಿಲು ಮುಚ್ಚಿದ ಗಡಂಗಿನ ಬದಲು ಕಳ್ಳಬಟ್ಟಿಯ ಹಿತ್ತಿಲು ತೆರೆದಾಗ, ಗುಟ್ಟಾಗಿ ಕುಡಿಯುವವನಿಗೆ ಗುಟ್ಟಿನ ಸಹವಾಸವೇ ಗಂಟುಬಿತ್ತೆಂಬುದನ್ನೂ ಹೇಳಲೇಬೇಕು.

ಮನೆಯ ಕಣ್ಣಿನಿಂದ ಇನ್ನೂ ದೂರವಾದವರೆಂದರೆ ಮುಂಬಯಿಯ ಹೊಟೇಲುಗಳಿಗೆ ಹೊರಟ ನಮ್ಮ ಹುಡುಗರು. ಹಗಲೆಲ್ಲ ಮೇಜು ಒರೆಸಿ, ರಾತ್ರಿ ಅದೇ ಹೊಟೇಲಿನ ನೆಲದ ಮೇಲೆ ಹತ್ತಾರು ಜನರ ನಡುವೆ ಮಲಗುವವನಿಗೆ ಅಕ್ಕಪಕ್ಕದ ಚಾಪೆಯವರೇ ಬಂಧುಗಳು. ಅವರು ಕರೆದಲ್ಲಿಗೆ ಹೋಗದಿರುವುದು ಅವಮಾನ. ಅಲ್ಲಿನ ಕನ್ನಡ ರಾತ್ರಿಶಾಲೆಗಳು ಅಕ್ಷರದೊಡನೆ ಬೇರೊಂದು ಸಹವಾಸವನ್ನೂ ಕೊಟ್ಟವು ಎಂಬುದೇ ನನ್ನ ಮಟ್ಟಿಗೆ ಅವುಗಳ ದೊಡ್ಡ ಉಪಕಾರ.

1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಸೋಂಕು ಪತ್ತೆಯಾಯಿತು. ಮಣಿಪುರದಲ್ಲಿ ಅದು ಗೆಳೆಯರು ಹಂಚಿಕೊಂಡ ಮಾದಕದ ಸೂಜಿಯಿಂದ, ಬಳಿಕ ಅವರಿಂದ ಹೆಂಡಿರಿಗೂ ಹಬ್ಬಿತು. ಕರ್ನಾಟಕದಲ್ಲಿ ಮುಖ್ಯವಾಗಿ ದೇಹಸಂಬಂಧದಿಂದ. ಹೆಚ್ಚು ಸೋಂಕಿನ 6 ರಾಜ್ಯಗಳಲ್ಲಿ ನಮ್ಮದೂ ಒಂದಾಯಿತು. 2004ರಲ್ಲಿ ಮೈಸೂರಿನಲ್ಲಿ ಮೊದಲಾಗಿ ಮುಂದೆ ಅಶೋದಯ ಸಮಿತಿಯಾದ ಕೆಲಸದಲ್ಲಿ ಲೈಂಗಿಕ ವೃತ್ತಿಯ ಹೆಂಗಸರೇ ಒಬ್ಬರಿಗೊಬ್ಬರು ತಿಳಿಯಹೇಳುವವರಾದರು. ಕುಡಿದು ಬಂದ ಗಿರಾಕಿಯೊಡನೆ ನಿರೋಧಿನ ಮಾತೆತ್ತಿದರೆ ಹೊಡೆತ. ಆ ವೃತ್ತಿಯನ್ನು ಸಹಿಸಲು ಹೆಂಗಸು ತಾನೂ ಕುಡಿದಿದ್ದರೆ ಮಾತೇ ಹೊರಡದು. ಚೀಲದಲ್ಲಿ ನಿರೋಧ್ ಸಿಕ್ಕಿದರೆ ಪೊಲೀಸರಿಗೆ ಅದೇ ಸಾಕ್ಷಿ. ಒಬ್ಬಳೇ ಇದ್ದಾಗ ಆಗದುದು, ಹತ್ತು ಮಂದಿ ಒಂದೇ ಮಾತಿಗೆ ನಿಂತಾಗ ಆಗತೊಡಗಿತು.

ಕಡಿಯಾಳಿಯಿಂದ ಏರಿದರೆ ಸಿಗುವ ಮಣಿಪಾಲದ ಬಾಡಿಗೆ ಕೋಣೆಗಳಲ್ಲಿ ಈಗ ಗಾಂಜಾ, ಎಂಡಿಎಂಎ ಸಿಕ್ಕಿದವೆಂದು ಪೊಲೀಸರು ಹುಡುಗರನ್ನು ಹಿಡಿಯುತ್ತಿದ್ದಾರೆ. ಆ ಕೋಣೆಯಲ್ಲಿ ಬೇಡವೆನ್ನಬಲ್ಲ ಒಬ್ಬ ಗೆಳೆಯನನ್ನು ಸಿದ್ಧಗೊಳಿಸುವ ಕೆಲಸವನ್ನು ಮೈಸೂರಿನ ಆ ಹೆಂಗಸರಿಂದ ಕಲಿಯುವುದಕ್ಕೆ ನಮ್ಮ ವಿದ್ಯಾಸಂಸ್ಥೆಗಳು ಸಂಕೋಚಪಡಬೇಕಾಗಿಲ್ಲ.