ದಿನಸಿ ಅಂಗಡಿಯ ಪತ್ರಲೇಖಕ ಇಗ್ನೇಷಿಯಸ್ ಸಾಂಚೋ

1782ರಲ್ಲಿ ಲಂಡನ್ ನಗರದಲ್ಲಿ ಎರಡು ಸಂಪುಟಗಳ ಒಂದು ಪತ್ರಸಂಗ್ರಹವು ಅಚ್ಚಾಯಿತು. ಬರೆದವನು ಅದಕ್ಕೆ ಎರಡು ವರ್ಷಗಳ ಮೊದಲೇ ತೀರಿಕೊಂಡಿದ್ದನು. ಹುಟ್ಟಿನಿಂದ ಆತನು ಗುಲಾಮ; ಬಣ್ಣದಿಂದ ಕರಿಯವನು; ವೃತ್ತಿಯಿಂದ ದಿನಸಿ ವ್ಯಾಪಾರಿ. ಇಂಥವನ ಕಾಗದಗಳನ್ನು ಓದಲು 1,100ಕ್ಕೂ ಮೇಲ್ಪಟ್ಟ ಚಂದಾದಾರರು ಮುಂಗಡವಾಗಿ ಹೆಸರು ಕೊಟ್ಟಿದ್ದರೆಂಬುದು ಆ ಕಾಲದ ಇಂಗ್ಲೆಂಡಿನಲ್ಲಿ ಸಾಮಾನ್ಯ ಸಂಗತಿಯಲ್ಲ. ಆ ಲೇಖಕನೇ ಇಗ್ನೇಷಿಯಸ್ ಸಾಂಚೋ.

ಆತನ ಜನನವು ಸುಮಾರು 1729ರಲ್ಲೆಂದು ಹೇಳುವರು. ಗುಲಾಮರನ್ನು ಸಾಗಿಸುವ ಹಡಗಿನಲ್ಲಿ ಆತನು ಹುಟ್ಟಿದನೆಂದು ಮೊದಲ ಚರಿತ್ರಕಾರನಾದ ಜೋಸೆಫ್ ಜೆಕಿಲ್ ಬರೆದಿದ್ದಾನೆ. ಆದರೆ ತಾನು ಆಫ್ರಿಕಾದಲ್ಲಿ ಹುಟ್ಟಿದವನೆಂದು ಸಾಂಚೋ ಸ್ವತಃ ಹೇಳಿಕೊಂಡಿರುವುದರಿಂದ ಜೆಕಿಲನ ಮಾತನ್ನು ಈಚಿನ ವಿದ್ವಾಂಸರು ಸಂಶಯದಿಂದ ನೋಡುತ್ತಾರೆ. ಸುಮಾರು ಎರಡು ವರ್ಷದ ಶಿಶುವಾಗಿದ್ದಾಗ ಆತನನ್ನು ಇಂಗ್ಲೆಂಡಿಗೆ ತಂದು, ಗ್ರೀನಿಚ್ ಎಂಬಲ್ಲಿದ್ದ ಮೂವರು ಅಕ್ಕತಂಗಿಯರಿಗೆ ಒಪ್ಪಿಸಲಾಯಿತು. 'ಡಾನ್ ಕ್ವಿಕ್ಸೋಟ್' ಕಥೆಯ ಸೇವಕನ ಹೆಸರನ್ನು ಅವರು ವಿನೋದಕ್ಕಾಗಿ ಈ ಹುಡುಗನಿಗೆ ಇಟ್ಟರಂತೆ. ಅಕ್ಷರವನ್ನು ಮಾತ್ರ ಕಲಿಸಲಿಲ್ಲ. ಅರಿಯದವನೇ ವಿಧೇಯನಾಗಿರುವನೆಂಬ ಎಣಿಕೆ ಆ ಮನೆಯಲ್ಲಿತ್ತೆಂದು ಸಾಂಚೋ ಮುಂದೆ ಬರೆದನು. ಅವರ ಎಣಿಕೆಯಲ್ಲಿ ತಪ್ಪಿತ್ತೆಂದು ನಮಗೆ ತೋರುವುದಿಲ್ಲ. ಓದು ಬಂದೊಡನೆ ಹುಡುಗನು ಅವರ ಕೈಯಲ್ಲಿ ನಿಲ್ಲಲಾರನೆಂಬುದನ್ನು ಅವರು ಸರಿಯಾಗಿಯೇ ಊಹಿಸಿದ್ದರು.

ಸಮೀಪದ ಬ್ಲಾಕ್‌ಹೀತ್‌ನಲ್ಲಿ ಮಾಂಟೆಗ್ಯೂ ಪ್ರಭುವಿನ ಮನೆಯಿದ್ದಿತು. ಹುಡುಗನ ಚುರುಕನ್ನು ಕಂಡ ಆ ಪ್ರಭು ಆತನಿಗೆ ಪುಸ್ತಕಗಳನ್ನು ಕೊಡತೊಡಗಿದನು. 1749ರಲ್ಲಿ ಪ್ರಭುವು ಕಾಲವಾದ ತರುವಾಯ ಸಾಂಚೋ ಅಕ್ಕತಂಗಿಯರ ಮನೆಯಿಂದ ಓಡಿಬಂದು ಪ್ರಭುಪತ್ನಿಯ ಆಶ್ರಯವನ್ನು ಬೇಡಿದನು. ಆಕೆ ಮೊದಲು ಹಿಂಜರಿದರೂ ಕೊನೆಗೆ ತನ್ನ ಮನೆಯ ಊಳಿಗಕ್ಕೆ ಸೇರಿಸಿಕೊಂಡಳು. 1751ರಲ್ಲಿ ತೀರಿಕೊಂಡಾಗ ಆತನಿಗೆ 70 ಪೌಂಡು ಹಣವನ್ನೂ ವರ್ಷಕ್ಕೆ 30 ಪೌಂಡಿನ ವರ್ಷಾಶನವನ್ನೂ ಬಿಟ್ಟುಹೋದಳೆಂದು ಜೆಕಿಲ್ ಹೇಳುತ್ತಾನೆ. ಆ ಹಣದಲ್ಲಿ ಬಹುಭಾಗವು ಇಸ್ಪೀಟಿಗೂ ನಾಟಕಶಾಲೆಗೂ ಸಂದಿತಂತೆ! ಚರಿತ್ರಪುರುಷರೆಲ್ಲ ಹುಟ್ಟಿದಂದಿನಿಂದ ಸಚ್ಚರಿತರಾಗಿರಬೇಕೆಂದು ಬಯಸುವವರಿಗೆ ಇದು ಹಿಡಿಸಲಾರದು.

1758ರಲ್ಲಿ ಆತನು ವೆಸ್ಟ್ ಇಂಡೀಸ್ ಮೂಲದ ಆನ್ ಆಸ್ಬರ್ನ್ ಎಂಬವಳನ್ನು ಮದುವೆಯಾದನು. ಮರಳಿ ಮಾಂಟೆಗ್ಯೂ ಮನೆತನದ ಊಳಿಗದಲ್ಲಿದ್ದಾಗಲೇ, 1766ರಲ್ಲಿ, ಹೆಸರಾಂತ ಕಾದಂಬರಿಕಾರ ಲಾರೆನ್ಸ್ ಸ್ಟರ್ನನಿಗೆ ಒಂದು ಪತ್ರ ಬರೆದನು. ವೆಸ್ಟ್ ಇಂಡೀಸಿನ ಗುಲಾಮರ ಗೋಳನ್ನು ಕುರಿತು ತಮ್ಮ ಲೇಖನಿ ಒಮ್ಮೆ ಓಡಲಿ ಎಂಬುದು ಅದರ ಬಿನ್ನಹ. ಸ್ಟರ್ನ್ ಆದರದಿಂದ ಉತ್ತರಿಸಿದನು. ಅವನ ಪತ್ರಗಳು 1775ರಲ್ಲಿ ಪ್ರಕಟವಾದಾಗ ಸಾಂಚೋವಿನ ಹೆಸರು ನಾಡಿಗೆಲ್ಲ ತಿಳಿಯಿತು. 1768ರಲ್ಲಿ ಗೇನ್ಸ್‌ಬರೋ ಎಂಬ ಹಿರಿಯ ಚಿತ್ರಕಾರನು ಬರೆದ ಸಾಂಚೋವಿನ ಭಾವಚಿತ್ರವು ಈಗ ಕೆನಡಾದ ಒಟ್ಟಾವಾ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಅದರಲ್ಲಿ ಆತನಿಗಿರುವುದು ಊಳಿಗದವನ ಸಮವಸ್ತ್ರವಲ್ಲ, ಸಭ್ಯಗೃಹಸ್ಥನ ಉಡುಪು.

ಮೈ ಸ್ಥೂಲವಾಗಿ, ಸಂಧಿವಾತ ಬಲಿತು, ಊಳಿಗ ಸಾಗದಾದಾಗ ಸಾಂಚೋ 1774ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಚಾರ್ಲ್ಸ್ ಬೀದಿಯಲ್ಲಿ ಅಂಗಡಿಯಿಟ್ಟನು. ಚಹಾ, ಸಕ್ಕರೆ, ಹೊಗೆಸೊಪ್ಪು ಅಲ್ಲಿಯ ಸರಕು. ಆ ಸಕ್ಕರೆ ಬೆಳೆದದ್ದು ಯಾರ ಬೆವರಿನಿಂದ? ಆತನ ಕುಲದವರೇ ಕೊರಡೆಯೇಟು ತಿಂದು ಬೆಳೆದ ಕಬ್ಬಿನ ಸಕ್ಕರೆಯನ್ನು ಆತನು ತೂಗಿ ಮಾರಬೇಕಾಯಿತು. ಇದನ್ನು ಹಿಡಿದು ಆತನನ್ನು ಹಳಿಯುವವರುಂಟು. ಸಂಸಾರ ಹೊತ್ತ ಅಂಗಡಿಕಾರನಿಗೆ ಆ ಊರಿನಲ್ಲಿ ಬೇರಾವ ಸಕ್ಕರೆ ಸುಲಭವಾಗಿ ದೊರೆಯುತ್ತಿತ್ತೆಂದು ನಾವು ಕೇಳಬಯಸುತ್ತೇವೆ. ಅದೇ ಅಂಗಡಿಯಿಂದ ಮತದಾನದ ಹಕ್ಕೂ ಬಂದಿತು. ವೆಸ್ಟ್‌ಮಿನ್‌ಸ್ಟರಿನಲ್ಲಿ ತೆರಿಗೆ ಸಲ್ಲಿಸುವ ಗೃಹಸ್ಥರಿಗೆ ಮತವಿದ್ದುದರಿಂದ 1774 ಮತ್ತು 1780ರ ಚುನಾವಣೆಗಳಲ್ಲಿ ಆತನು ಮತ ಕೊಟ್ಟನು. ಬ್ರಿಟನ್ನಿನಲ್ಲಿ ಮತ ಹಾಕಿದ ಕರಿಯರಲ್ಲಿ ನಮಗೆ ತಿಳಿದಿರುವ ಅತಿ ಹಿಂದಿನ ಕೆಲವರಲ್ಲಿ ಆತನೂ ಒಬ್ಬನು. ಹೀಗಿದ್ದರೂ 1777ರಲ್ಲಿ ಮಕ್ಕಳೊಡನೆ ವಾಕ್ಸ್‌ಹಾಲ್ ಉದ್ಯಾನಕ್ಕೆ ಹೋಗಿ ಬಂದುದನ್ನು ಬರೆಯುವಾಗ, ಜನರು ಕಣ್ಣರಳಿಸಿ ನೋಡಿದರು, ಹಿಂಬಾಲಿಸಿದರು, ಆದರೆ ಬೈಗಳು ಹೆಚ್ಚೇನಿರಲಿಲ್ಲ ಎಂದು ನಗೆಯಾಗಿ ಹೇಳುತ್ತಾನೆ. ಆ 'ಹೆಚ್ಚೇನಿರಲಿಲ್ಲ' ಎಂಬಲ್ಲಿ ಎಷ್ಟು ನುಂಗಿಕೊಂಡಿರಬೇಕು!

ಶಾಲೆಯಲ್ಲಿ ನಾವು ಕಲಿಸುವ ಒಕ್ಕಣೆಯ ಬಿಗಿಯು ಈ ಪತ್ರಗಳಲ್ಲಿಲ್ಲ. ವಾಕ್ಯವು ಅಡ್ಡಗೆರೆಗಳ ಮೇಲೆ ಜಿಗಿಯುತ್ತ ಹೋಗುತ್ತದೆ. ಮನೆವಾರ್ತೆ, ಹಾಸ್ಯ, ದೈವಭಕ್ತಿ, ರಾಜಕೀಯ ಒಂದರ ಬೆನ್ನಿಗೊಂದು ಬರುತ್ತವೆ. ಅವುಗಳಲ್ಲಿ ಒಂದು ನಮ್ಮ ದೇಶಕ್ಕೂ ಸಂಬಂಧಿಸಿದುದು. ಜ್ಯಾಕ್ ವಿಂಗ್ರೇವ್ ಎಂಬ ತರುಣನು ಉದ್ಯೋಗಕ್ಕೆಂದು ಭಾರತಕ್ಕೆ ಬಂದು, ಇಲ್ಲಿಯ ಜನರು ವಂಚಕರೆಂದು ಊರಿಗೆ ಬರೆದಿದ್ದನು. ಮೈಸೂರಿನಲ್ಲಿ ಹೈದರಾಲಿಯು ಆಳುತ್ತಿದ್ದ ಕಾಲವದು. 1778ರಲ್ಲಿ ಸಾಂಚೋ ಅವನಿಗೆ ಉತ್ತರ ಕೊಟ್ಟನು: ಇಂಗ್ಲಿಷರ ನಡತೆಯು ಪೂರ್ವದೇಶದಲ್ಲಿಯೂ ವೆಸ್ಟ್ ಇಂಡೀಸಿನಲ್ಲಿಯೂ ಆಫ್ರಿಕಾದ ಕರಾವಳಿಯಲ್ಲಿಯೂ ಒಂದೇ ತೆರನಾಗಿ ದುಷ್ಟವಾಗಿದೆ, ಹಣವೊಂದೇ ಅವರ ಗುರಿ, ಆಫ್ರಿಕಾದ ಅರಸರ ಕ್ರೌರ್ಯಕ್ಕೆ ಹೆಂಡ, ಮದ್ದು, ಕೋವಿಗಳನ್ನು ಒದಗಿಸಿ ಕುಮ್ಮಕ್ಕು ಕೊಡುವವರು ಕ್ರೈಸ್ತ ವರ್ತಕರೇ. ಲಂಡನ್ನಿನಲ್ಲಿ ಕುಳಿತು, ಇಂಗ್ಲಿಷ್ ಗಿರಾಕಿಗಳನ್ನೇ ನೆಚ್ಚಿದ್ದವನು ಬರೆದ ಮಾತಿದು. ತನ್ನ ಕುಲದ ದುಃಖವನ್ನೂ ಕಾಣದ ನಾಡಿನವರ ದುಃಖವನ್ನೂ ಒಂದೇ ಲೆಕ್ಕದಲ್ಲಿ ಬರೆದ ಈ ಪತ್ರವನ್ನು ನಾವು ಆತನ ಬರವಣಿಗೆಯಲ್ಲೆಲ್ಲ ಮೇಲೆಂದು ಭಾವಿಸುತ್ತೇವೆ.

1780ರ ಡಿಸೆಂಬರ್ 14ರಂದು ಸಾಂಚೋ ತೀರಿಕೊಂಡನು. ಫ್ರಾನ್ಸಿಸ್ ಕ್ರ್ಯೂ ಎಂಬ ಮಹಿಳೆ ಪತ್ರಗಳನ್ನು ಕಲೆಹಾಕಿ ಅಚ್ಚುಹಾಕಿಸಿದಳು. ಆಫ್ರಿಕದವನ ಬುದ್ಧಿಯು ಯೂರೋಪಿನವನ ಬುದ್ಧಿಗೆ ಕಡಮೆಯಲ್ಲವೆಂದು ತೋರಿಸುವುದೂ, ಆತನ ಸಂಸಾರಕ್ಕೆ ನೆರವಾಗುವುದೂ ಆಕೆಯ ಉದ್ದೇಶ. ವಿಧವೆಗೆ 500 ಪೌಂಡಿಗೂ ಮೇಲೆ ದೊರೆಯಿತು. ಅತ್ತ ಅಮೆರಿಕದಲ್ಲಿ, ಮುಂದೆ ರಾಷ್ಟ್ರಾಧ್ಯಕ್ಷನಾದ ತಾಮಸ್ ಜೆಫರ್ಸನ್ ಈ ಪತ್ರಗಳನ್ನು ಓದಿ, ಸಾಂಚೋ ತನ್ನ ಬಣ್ಣದವರಲ್ಲಿ ಮೊದಲಿಗನಾದರೂ ಬಿಳಿಯ ಲೇಖಕರ ಸಾಲಿನಲ್ಲಿ ಕಟ್ಟಕಡೆಯವನೆಂದು ತೀರ್ಪಿತ್ತನು. ಅವುಗಳಲ್ಲಿ ಬೇರೆಯವರ ಕೈ ಆಡಿಲ್ಲವೆಂಬುದಕ್ಕೆ ಸಾಕ್ಷಿ ಸುಲಭವಲ್ಲವೆಂದೂ ಸೇರಿಸಿದನು. ಹೀಗೆ ತೀರ್ಪಿತ್ತವನ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು.

ಪುಸ್ತಕವು ಮಾತ್ರ ಮತ್ತೆ ಮತ್ತೆ ಅಚ್ಚಾಗುತ್ತಲೇ ಹೋಯಿತು. 1803ರಲ್ಲಿ ಅದರ ಐದನೆಯ ಮುದ್ರಣವನ್ನು ಹೊರತಂದವನು ಸಾಂಚೋವಿನ ಮಗ ವಿಲಿಯಂ. ಆ ವೇಳೆಗೆ ಅವನು ಲಂಡನ್ನಿನಲ್ಲಿ ಪುಸ್ತಕ ವ್ಯಾಪಾರಿಯಾಗಿದ್ದನು.