ಬೆಂಗಳೂರಿನ ಪಶ್ಚಿಮ ಅಂಚಿನ ಗ್ರಾಮೀಣ ರಸ್ತೆಗಳು ಮತ್ತು ವಸತಿ ಭೂಬಳಕೆ

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ಆಸುಪಾಸಿನಲ್ಲಿರುವ ಹಳ್ಳಿಗಳ ಒಳರಸ್ತೆಗಳನ್ನು ನಿರ್ವಹಿಸುವ ಹಾಗೂ ಅಲ್ಲಿನ ಮನೆ-ನಿವೇಶನಗಳನ್ನು ದಾಖಲಿಸುವ ಹೊಣೆ ಮುಖ್ಯವಾಗಿ ಗ್ರಾಮ ಪಂಚಾಯಿತಿಗಳದ್ದು. ಬೆಂಗಳೂರು ನಗರ ಜಿಲ್ಲೆಯ ಕೆಂಗೇರಿ, ತಾವರೆಕೆರೆ, ಯಶವಂತಪುರ ಮತ್ತು ದಾಸನಪುರ ಹೋಬಳಿಗಳ ಅನೇಕ ಗ್ರಾಮಗಳು ಈ ಪ್ರದೇಶದಲ್ಲಿವೆ. ಕೃಷಿಭೂಮಿಯು ವಸತಿ ನಿವೇಶನಗಳಾಗಿ ಬದಲಾದಂತೆ ಇಲ್ಲಿ ಬಂಡಿದಾರಿಗಳು ಗರಸು ರಸ್ತೆಗಳಾಗಿ, ಗರಸು ರಸ್ತೆಗಳು ಬಡಾವಣೆಯ ಬೀದಿಗಳಾಗಿ ಮಾರ್ಪಟ್ಟಿವೆ. ರಸ್ತೆಯ ಕಾನೂನುಬದ್ಧ ಸ್ಥಾನಮಾನ ಮತ್ತು ಅದರ ಬದಿಯ ನಿವೇಶನದ ದಾಖಲೆ ಒಂದಕ್ಕೊಂದು ಹೆಣೆದುಕೊಂಡಿರುವುದು ಈ ಪ್ರದೇಶದ ಆಡಳಿತದ ಪ್ರಮುಖ ಲಕ್ಷಣವಾಗಿದೆ.

ಹಿನ್ನೆಲೆ

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ ಮೊದಲಾದ ಬಡಾವಣೆಗಳು ಯೋಜಿತ ರೀತಿಯಲ್ಲಿ ಬೆಳೆದವು. 1945ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಮತ್ತು 1976ರಲ್ಲಿ ಅದರ ಸ್ಥಾನದಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು (ಬಿಡಿಎ) ಮೊದಲು ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ನಕ್ಷೆ ತಯಾರಿಸಿ, ರಸ್ತೆ ಹಾಗೂ ಚರಂಡಿಗಳ ಜಾಗವನ್ನು ಗುರುತಿಸಿ, ಅನಂತರ ನಿವೇಶನಗಳನ್ನು ಹಂಚುವ ಕ್ರಮವನ್ನು ಅನುಸರಿಸಿದವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಯಂತಹ ಹಳೆಯ ಊರುಗಳು ಈ ಬಡಾವಣೆಗಳ ನಡುವೆ ಸೇರಿಹೋದವು.

ಕೆಂಗೇರಿಯಿಂದಾಚೆಗಿನ ಹಳ್ಳಿಗಳಲ್ಲಿ ಬಹುಮಟ್ಟಿಗೆ ಈ ಕ್ರಮ ತಿರುವುಮುರುವಾಯಿತು. ಜಮೀನಿನ ಮಾಲೀಕರು ಅಥವಾ ಮಧ್ಯವರ್ತಿಗಳು ಹೊಲ-ತೋಟಗಳನ್ನು ಸಣ್ಣ ನಿವೇಶನಗಳಾಗಿ ವಿಂಗಡಿಸಿ ಮಾರಿದರು, ಮನೆಗಳು ಎದ್ದವು, ರಸ್ತೆ, ಚರಂಡಿ ಮತ್ತು ನೀರಿನ ವ್ಯವಸ್ಥೆ ಕೊನೆಗೆ ಬಂದವು. ಹೀಗೆ ಉಂಟಾದ ಬಡಾವಣೆಗಳನ್ನು ಆಡುಮಾತಿನಲ್ಲಿ ‘ರೆವಿನ್ಯೂ ಬಡಾವಣೆ’ ಎಂದೂ ಅವುಗಳ ನಿವೇಶನಗಳನ್ನು ‘ರೆವಿನ್ಯೂ ಸೈಟು’ ಎಂದೂ ಕರೆಯಲಾಗುತ್ತದೆ.

ಆಡಳಿತ ವ್ಯವಸ್ಥೆ

ಮೈಸೂರು ರಾಜ್ಯದಲ್ಲಿ 1959ರ ಗ್ರಾಮ ಪಂಚಾಯಿತಿಗಳು ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆಯು ಗ್ರಾಮ ಮಟ್ಟದ ಆಡಳಿತಕ್ಕೆ ಏಕರೂಪವನ್ನು ನೀಡಿತು. 1983ರ ಕಾಯಿದೆಯ ಮೂಲಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ರೂಪುಗೊಂಡವು. ಸಂವಿಧಾನದ 73ನೆಯ ತಿದ್ದುಪಡಿಯ ಅನಂತರ ಜಾರಿಗೆ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು ಜಿಲ್ಲಾ, ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಗಳೆಂಬ ಮೂರು ಹಂತಗಳನ್ನು ಸ್ಥಾಪಿಸಿತು. ಈ ಕಾಯಿದೆಗೆ ಈಗ ‘ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ’ ಎಂಬ ಹೆಸರಿದೆ.

ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಯ ಪ್ರದೇಶಕ್ಕೆ ಒಂದು ಗ್ರಾಮ ಪಂಚಾಯಿತಿ ಇರುತ್ತದೆ. ಪ್ರತಿ 400 ಜನರಿಗೆ ಒಬ್ಬ ಸದಸ್ಯರಂತೆ ಚುನಾವಣೆ ನಡೆಯುತ್ತದೆ. ಗ್ರಾಮದ ರಸ್ತೆ, ಚರಂಡಿ, ಬೀದಿದೀಪ ಮತ್ತು ಕುಡಿಯುವ ನೀರು ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿವೆ. ಕಟ್ಟಡ ನಿರ್ಮಾಣಕ್ಕೆ ಅನುಮತಿ ನೀಡುವ ಅಧಿಕಾರವೂ ಕಟ್ಟಡ ಮತ್ತು ನಿವೇಶನಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರವೂ ಅದಕ್ಕಿವೆ. ಕಾಮಗಾರಿಗಳ ಆದ್ಯತೆಯನ್ನು ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಚರ್ಚಿಸಲಾಗುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಕಚೇರಿಯ ಕಾರ್ಯನಿರ್ವಹಣೆಯ ಹೊಣೆ ಹೊತ್ತಿರುತ್ತಾರೆ.

ಆದರೆ ಬಡಾವಣೆಯ ವಿನ್ಯಾಸವನ್ನು ಅನುಮೋದಿಸುವ ಅಧಿಕಾರ ಗ್ರಾಮ ಪಂಚಾಯಿತಿಗಿಲ್ಲ. ಕೃಷಿಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವ ಅನುಮತಿಯನ್ನು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಡಿ ಜಿಲ್ಲಾಧಿಕಾರಿ ನೀಡುತ್ತಾರೆ. ವಿನ್ಯಾಸಕ್ಕೆ ಮಂಜೂರಾತಿ ನೀಡುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಯೋಜನಾ ಪ್ರಾಧಿಕಾರದ ಕೆಲಸ. ಬಿಡಿಎ ವ್ಯಾಪ್ತಿಯಲ್ಲಿ ಅದರ ಅನುಮತಿಯಿಲ್ಲದೆ ಹೊಸ ಬಡಾವಣೆ ಅಥವಾ ಖಾಸಗಿ ಬೀದಿಯನ್ನು ನಿರ್ಮಿಸುವುದನ್ನು 1976ರ ಬಿಡಿಎ ಕಾಯಿದೆಯ 32ನೆಯ ಪ್ರಕರಣ ನಿಷೇಧಿಸುತ್ತದೆ. ಅನುಮತಿಯಿಲ್ಲದೆ ರಚನೆಯಾದ ಬಡಾವಣೆಗಳಲ್ಲಿ, ತಾನು ಯೋಜಿಸದ ಬೀದಿಗಳ ದುರಸ್ತಿಯ ಬೇಡಿಕೆಯು ಪಂಚಾಯಿತಿಯ ಮುಂದೆ ಬರುತ್ತದೆ.

ರಸ್ತೆಗಳ ವಿಧಗಳು

ಈ ಪ್ರದೇಶದಲ್ಲಿ ರಾಷ್ಟ್ರೀಯ ಹೆದ್ದಾರಿ 275 (ಮೈಸೂರು ರಸ್ತೆ) ಮತ್ತು ರಾಜ್ಯ ಹೆದ್ದಾರಿ 85 (ಮಾಗಡಿ ರಸ್ತೆ) ಮುಖ್ಯ ಮಾರ್ಗಗಳು. ಇವುಗಳ ಕೆಳಗೆ ಜಿಲ್ಲಾ ಮುಖ್ಯರಸ್ತೆಗಳು, ಇತರ ಜಿಲ್ಲಾ ರಸ್ತೆಗಳು ಮತ್ತು ಗ್ರಾಮ ರಸ್ತೆಗಳಿವೆ. ಪಂಚಾಯಿತಿ ಮಟ್ಟದಲ್ಲಿ ಬಳಕೆಯಲ್ಲಿರುವ ದಾರಿಗಳನ್ನು ಅವುಗಳ ಮೂಲದ ಆಧಾರದ ಮೇಲೆ ಹೀಗೆ ವಿಂಗಡಿಸಬಹುದು:

* ನಕಾಶೆ ದಾರಿ: ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಗುರುತಿಸಿರುವ ಬಂಡಿದಾರಿ ಅಥವಾ ಕಾಲುದಾರಿ. ಇದು ಸಾರ್ವಜನಿಕರ ಹಕ್ಕಿಗೆ ಸೇರಿದ್ದು.
* ಗ್ರಾಮಠಾಣಾ ಬೀದಿ: ಊರಿನ ಮೂಲ ವಸತಿ ಪ್ರದೇಶದೊಳಗಿನ ಓಣಿಗಳು.
* ಅನುಮೋದಿತ ಬಡಾವಣೆಯ ರಸ್ತೆ: ಬಡಾವಣೆದಾರನು ಪರಿತ್ಯಾಜನ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆ.
* ಅನುಮೋದನೆಯಿಲ್ಲದ ಬಡಾವಣೆಯ ರಸ್ತೆ: ಕ್ರಯಪತ್ರಗಳ ಚಕ್ಕುಬಂದಿಯಲ್ಲಿ ‘ರಸ್ತೆ’ ಎಂದು ನಮೂದಾಗಿದ್ದರೂ ಯಾವ ಸಂಸ್ಥೆಗೂ ಹಸ್ತಾಂತರವಾಗದ ಜಾಗ.

ಕೊನೆಯ ವಿಧದ ರಸ್ತೆಯ ಜಾಗವು ಪಹಣಿಯಲ್ಲಿ ಮೂಲ ಮಾಲೀಕರ ಹೆಸರಿನಲ್ಲೇ ಉಳಿಯುವ ಸಾಧ್ಯತೆಯಿದೆ. ಇಂತಹ ಜಾಗದಲ್ಲಿ ಸಾರ್ವಜನಿಕ ಹಣದಿಂದ ಕಾಮಗಾರಿ ಕೈಗೊಳ್ಳಲು ದಾಖಲೆಯ ತೊಡಕು ಎದುರಾಗುತ್ತದೆ. ಮಾಲೀಕರ ವಾರಸುದಾರರು ಹಕ್ಕು ಸಾಧಿಸಲು ಬಂದರೆ ನಿವಾಸಿಗಳ ಓಡಾಟವೇ ವಿವಾದಕ್ಕೊಳಗಾಗುತ್ತದೆ.

ಖರಾಬು ಭೂಮಿ

ಸರ್ವೆ ದಾಖಲೆಗಳಲ್ಲಿ ಸಾಗುವಳಿಯಿಂದ ಹೊರತುಪಡಿಸಿದ ಭೂಮಿಯನ್ನು ‘ಖರಾಬು’ ಎನ್ನುತ್ತಾರೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಇದನ್ನು ಎರಡಾಗಿ ವಿಂಗಡಿಸುತ್ತವೆ. ಬಂಡೆ, ಹಳ್ಳ-ತಿಟ್ಟು ಮುಂತಾದ ಕಾರಣಗಳಿಂದ ಸಾಗುವಳಿಗೆ ಯೋಗ್ಯವಲ್ಲದ ಭಾಗ ‘ಎ’ ಖರಾಬು. ಇದು ಹಿಡುವಳಿದಾರನ ಭೂಮಿಯ ಅಂಗವಾಗಿರುತ್ತದೆ. ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉದ್ದೇಶಗಳಿಗೆ ಮೀಸಲಾದ ಭಾಗ ‘ಬಿ’ ಖರಾಬು. ಬಂಡಿದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದರೂ ಅಥವಾ ಅದರ ಮೇಲೆ ನಿವೇಶನ ಮಾಡಿದ್ದರೂ ‘ಬಿ’ ಖರಾಬಿನ ಸಾರ್ವಜನಿಕ ಸ್ವರೂಪ ತಾನಾಗಿ ಅಳಿಯುವುದಿಲ್ಲ. ಆದ್ದರಿಂದ ಒತ್ತುವರಿ ಪ್ರಕರಣಗಳಲ್ಲಿ ಗ್ರಾಮ ನಕ್ಷೆ ಮತ್ತು ಸರ್ವೆ ದಾಖಲೆಗಳು ನಿರ್ಣಾಯಕವಾಗುತ್ತವೆ.

ಗರಸು ರಸ್ತೆಗಳ ನಿರ್ಮಾಣ ಮತ್ತು ನಿರ್ವಹಣೆ

ಗರಸು ಎಂಬುದು ಸಣ್ಣ ಕಲ್ಲಿನ ಹರಳುಗಳೂ ಅವುಗಳನ್ನು ಹಿಡಿದಿಡುವಷ್ಟು ಜೇಡಿಯೂ ಬೆರೆತ ಮಣ್ಣು. ಹರಳು ಹೆಚ್ಚಾದರೆ ರಸ್ತೆಯ ಮೇಲ್ಮೈ ಸಡಿಲಗೊಂಡು ಚದುರುತ್ತದೆ. ಜೇಡಿ ಹೆಚ್ಚಾದರೆ ಮಳೆಗಾಲದಲ್ಲಿ ಕೆಸರಾಗಿ ಜಾರುತ್ತದೆ. ನೆಲವನ್ನು ಸಮಗೊಳಿಸಿದ ಮೇಲೆ ಗರಸನ್ನು ಪದರಪದರವಾಗಿ ಹರಡಿ, ತಕ್ಕಷ್ಟು ನೀರು ಚಿಮುಕಿಸಿ, ರೋಲರ್‌ನಿಂದ ಗಟ್ಟಿಗೊಳಿಸಲಾಗುತ್ತದೆ.

ಈ ರಸ್ತೆಗಳ ಬಾಳಿಕೆಯು ಮುಖ್ಯವಾಗಿ ನೀರು ಹರಿದುಹೋಗುವ ವ್ಯವಸ್ಥೆಯನ್ನು ಅವಲಂಬಿಸಿದೆ. ರಸ್ತೆಯ ನಡುಭಾಗವನ್ನು ಎತ್ತರಿಸಿ ಎರಡೂ ಬದಿಗೆ ಸುಮಾರು ಶೇ. 4ರಷ್ಟು ಇಳಿಜಾರು ಕೊಡಲಾಗುತ್ತದೆ. ಅಂದರೆ 3 ಮೀಟರ್ ಅಗಲದ ರಸ್ತೆಯ ನಡುಭಾಗವು ಅಂಚಿಗಿಂತ ಸುಮಾರು 6 ಸೆಂಟಿಮೀಟರ್ ಎತ್ತರವಿರಬೇಕು. ಪಕ್ಕದ ಚರಂಡಿ ಹೂತುಹೋದರೆ ಅಥವಾ ಮನೆ ಕಟ್ಟುವಾಗ ಅದನ್ನು ಮುಚ್ಚಿದರೆ ನೀರು ರಸ್ತೆಯ ಮೇಲೆಯೇ ಹರಿದು ಕೊರಕಲುಗಳನ್ನು ಉಂಟುಮಾಡುತ್ತದೆ. ಬೆಂಗಳೂರಿನ ಮಳೆಯ ಬಹುಪಾಲು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಬೀಳುವುದರಿಂದ ಚರಂಡಿ ಮತ್ತು ಮೋರಿಗಳ ಹೂಳನ್ನು ಮಳೆಗಾಲಕ್ಕೆ ಮುನ್ನ ತೆಗೆಯಬೇಕಾಗುತ್ತದೆ.

ವಾಹನಗಳ ಓಡಾಟ ಮತ್ತು ಮಳೆಯಿಂದ ಗರಸು ಪ್ರತಿವರ್ಷ ಸವೆಯುತ್ತದೆ. ಕಾಲಕಾಲಕ್ಕೆ ಮೇಲ್ಮೈಯನ್ನು ಕೆರೆದು ಸಮಮಾಡುವುದು ಮತ್ತು ಹೊಸ ಗರಸು ಹಾಕುವುದು ಅನಿವಾರ್ಯ. ಕೆಲವೇ ಎತ್ತಿನಗಾಡಿ, ಟ್ರ್ಯಾಕ್ಟರ್‌ಗಳು ಓಡಾಡುತ್ತಿದ್ದ ದಾರಿಯಲ್ಲಿ ಇಟ್ಟಿಗೆ, ಮರಳು ಸಾಗಿಸುವ ಲಾರಿಗಳೂ ನೀರಿನ ಟ್ಯಾಂಕರ್‌ಗಳೂ ಓಡಲು ತೊಡಗಿದಾಗ ಸವೆತ ತೀವ್ರವಾಗುತ್ತದೆ. ಬೇಸಿಗೆಯಲ್ಲಿ ಧೂಳಿನ ತೊಂದರೆ ಹೆಚ್ಚುತ್ತದೆ. ಇದಕ್ಕೆ ಪರಿಹಾರವಾಗಿ ಡಾಂಬರು ಅಥವಾ ಕಾಂಕ್ರೀಟ್ ಹಾಕಲಾಗುತ್ತದೆ. ಆದರೆ ನೀರು ಮತ್ತು ಒಳಚರಂಡಿಯ ಕೊಳವೆಗಳನ್ನು ಅಳವಡಿಸುವ ಮೊದಲೇ ಕಾಂಕ್ರೀಟ್ ಹಾಕಿದರೆ ಅದನ್ನು ಮತ್ತೆ ಒಡೆಯಬೇಕಾಗುತ್ತದೆ. ಹಳೆಯ ಮೇಲ್ಮೈಯನ್ನು ಅಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿದಾಗ ರಸ್ತೆಯ ಮಟ್ಟವೇರಿ ಹಳೆಯ ಮನೆಗಳಿಗೆ ಮಳೆನೀರು ನುಗ್ಗುವುದೂ ಉಂಟು.

ಹಣಕಾಸು

ಪಂಚಾಯಿತಿಯ ಸ್ವಂತ ತೆರಿಗೆ, ರಾಜ್ಯ ಸರ್ಕಾರದ ಅನುದಾನ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನಗಳು ರಸ್ತೆ ಕಾಮಗಾರಿಯ ಮುಖ್ಯ ಮೂಲಗಳು. 15ನೆಯ ಹಣಕಾಸು ಆಯೋಗದ 2021–26ರ ಅವಧಿಯ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಪಡಿಸಲಾಗಿತ್ತು, ಉಳಿದ ಶೇ. 40ನ್ನು ಸ್ಥಳೀಯ ಅಗತ್ಯಗಳಿಗೆ ಬಳಸಲು ಅವಕಾಶವಿತ್ತು. 2005ರ ಉದ್ಯೋಗ ಖಾತರಿ ಕಾಯಿದೆಯಡಿ ಕೂಲಿ ಮತ್ತು ಸಾಮಗ್ರಿ ವೆಚ್ಚದ ಅನುಪಾತ 60:40 ಇದ್ದುದರಿಂದ, ಜಲ್ಲಿ-ಸಿಮೆಂಟು ಹೆಚ್ಚಾಗಿ ಬೇಕಾಗುವ ರಸ್ತೆಗಳಿಗಿಂತ ಕೈಕೆಲಸ ಹೆಚ್ಚಿರುವ ಮಣ್ಣಿನ ಕಾಮಗಾರಿಗಳು ಅದಕ್ಕೆ ಹೊಂದುತ್ತಿದ್ದವು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಮತ್ತು ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಗಳು ಊರುಗಳನ್ನು ಪರಸ್ಪರ ಜೋಡಿಸುವ ರಸ್ತೆಗಳಿಗೆ ಸಂಬಂಧಿಸಿದವು. ಬಡಾವಣೆಗಳ ಒಳಬೀದಿಗಳು ಅವುಗಳ ಉದ್ದೇಶವಲ್ಲ.

ವಸತಿ ಭೂಬಳಕೆ

ನಿವೇಶನ ವಿಂಗಡಣೆ

ಒಂದು ಎಕರೆಯಲ್ಲಿ 40 ಗುಂಟೆ, ಅಂದರೆ 43,560 ಚದರ ಅಡಿಗಳಿವೆ. 30×40 ಅಡಿಯ ನಿವೇಶನಗಳನ್ನು 20 ಅಡಿ ರಸ್ತೆಯ ಇಕ್ಕೆಲಗಳಲ್ಲಿ ಜೋಡಿಸಿದರೆ ಪ್ರತಿ ನಿವೇಶನಕ್ಕೆ ರಸ್ತೆಯ ಪಾಲು ಸೇರಿ 1,500 ಚದರ ಅಡಿ ಬೇಕಾಗುತ್ತದೆ. 40 ಅಡಿ ರಸ್ತೆಯಾದರೆ 1,800 ಚದರ ಅಡಿ. ಈ ಸರಳ ಲೆಕ್ಕದಲ್ಲಿ ಒಂದು ಎಕರೆಗೆ ಮೊದಲ ಕ್ರಮದಲ್ಲಿ 29, ಎರಡನೆಯದರಲ್ಲಿ 24 ನಿವೇಶನಗಳು ದೊರೆಯುತ್ತವೆ. ಉದ್ಯಾನ ಮತ್ತು ನಾಗರಿಕ ಸೌಲಭ್ಯಗಳಿಗೆ ಜಾಗ ಬಿಟ್ಟರೆ ಈ ಸಂಖ್ಯೆ ಇನ್ನೂ ಇಳಿಯುತ್ತದೆ. ಅನುಮೋದನೆಯಿಲ್ಲದ ಬಡಾವಣೆಗಳಲ್ಲಿ ರಸ್ತೆಗಳು ಕಿರಿದಾಗಿರಲು ಇದು ಪ್ರಮುಖ ಕಾರಣ. ಪಕ್ಕಪಕ್ಕದ ಸರ್ವೆ ನಂಬರುಗಳನ್ನು ಬೇರೆಬೇರೆಯವರು ವಿಂಗಡಿಸುವುದರಿಂದ ಒಂದು ಬಡಾವಣೆಯ ಬೀದಿ ಮತ್ತೊಂದರ ಬೀದಿಗೆ ಕೂಡದೆ ಅರ್ಧಕ್ಕೇ ನಿಲ್ಲುವುದೂ ಕಂಡುಬರುತ್ತದೆ.

ತೋಟದ ಮನೆಗಳು

ರೈತನು ಬೇಸಾಯದ ಅಗತ್ಯಕ್ಕಾಗಿ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಕಾನೂನಿನಲ್ಲಿ ಮಿತಿಗೊಳಪಟ್ಟ ಅವಕಾಶವಿದೆ. ನಗರವಾಸಿಗಳು ವಾರಾಂತ್ಯದ ವಾಸಕ್ಕಾಗಿ ಕಟ್ಟುವ ಮನೆಗಳಿಗೂ ‘ಫಾರ್ಮ್‌ಹೌಸ್’ ಎಂಬ ಹೆಸರು ರೂಢಿಯಲ್ಲಿದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಪ್ರಕರಣಗಳನ್ನು ಕೈಬಿಟ್ಟ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ಸಾಧ್ಯವಾಯಿತು. ಆದರೆ ಭೂಮಿಯನ್ನು ಕೊಳ್ಳುವ ಹಕ್ಕು ಅದರ ಬಳಕೆಯನ್ನು ಬದಲಿಸುವ ಹಕ್ಕನ್ನು ಒಳಗೊಂಡಿಲ್ಲ. ಭೂಪರಿವರ್ತನೆಯ ನಿಯಮಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ.

ಜಲಮೂಲಗಳ ನಿರ್ಬಂಧ

ಅರ್ಕಾವತಿ ಮತ್ತು ಕುಮುದ್ವತಿ ನದಿಗಳ ಸಂಗಮದಲ್ಲಿ 1933ರಲ್ಲಿ ಪೂರ್ಣಗೊಂಡ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶದಲ್ಲಿ ನಿರ್ಮಾಣಗಳನ್ನು ನಿಯಂತ್ರಿಸುವ ಅಧಿಸೂಚನೆಯನ್ನು ಸರ್ಕಾರ 2003ರಲ್ಲಿ ಹೊರಡಿಸಿತು. ಅನಂತರ ಅದನ್ನು ಮಾರ್ಪಡಿಸಲಾಯಿತು. ಕೆರೆ ಮತ್ತು ರಾಜಕಾಲುವೆಗಳ ಸುತ್ತ ಮೀಸಲು ವಲಯ ಬಿಡುವ ನಿಯಮಗಳೂ ಇವೆ. ಹಸಿರು ನ್ಯಾಯಮಂಡಳಿಯು 2016ರಲ್ಲಿ ಕೆರೆಗಳಿಗೆ ನಿಗದಿಪಡಿಸಿದ್ದ 75 ಮೀಟರ್ ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಪಡಿಸಿತು. ಇದರಿಂದ ಮಹಾಯೋಜನೆಯಲ್ಲಿದ್ದ 30 ಮೀಟರ್ ಅಂತರ ಮತ್ತೆ ಅನ್ವಯವಾಯಿತು.

ಆಸ್ತಿ ದಾಖಲೆಗಳು

ಗ್ರಾಮ ಪಂಚಾಯಿತಿಯ ಕೃಷಿಯೇತರ ಆಸ್ತಿಗಳ ದಾಖಲೆಗಳನ್ನು ‘ಇ-ಸ್ವತ್ತು’ ತಂತ್ರಾಂಶದ ಮೂಲಕ ನೀಡಲಾಗುತ್ತದೆ. ಗ್ರಾಮಠಾಣಾದೊಳಗಿನ ಹಾಗೂ ಪರಿವರ್ತನೆಗೊಂಡು ಅನುಮೋದನೆ ಪಡೆದ ಆಸ್ತಿಗಳಿಗೆ ನಮೂನೆ 9 ಮತ್ತು 11ಎ ದೊರೆಯುತ್ತವೆ. ನಿಯಮಗಳಿಗೆ ಹೊಂದದ ಆಸ್ತಿಗಳಿಗೆ ಸಂಬಂಧಿಸಿದ್ದು ನಮೂನೆ 11ಬಿ. ಇಂತಹ ಅನಧಿಕೃತ ಆಸ್ತಿಗಳನ್ನು ತೆರಿಗೆ ವ್ಯಾಪ್ತಿಗೆ ತರಲು 2025ರಲ್ಲಿ ಪಂಚಾಯತ್ ರಾಜ್ ಕಾಯಿದೆಗೆ ತಿದ್ದುಪಡಿ ಮಾಡಲಾಯಿತು. ತೆರಿಗೆ ಪಾವತಿಯಿಂದಷ್ಟೇ ಆಸ್ತಿಯು ಸಕ್ರಮಗೊಳ್ಳುವುದಿಲ್ಲ.

ನಗರ ಪ್ರದೇಶಗಳ ಅನಧಿಕೃತ ಕಟ್ಟಡ ಹಾಗೂ ಬಡಾವಣೆಗಳನ್ನು ದಂಡದ ಮೇಲೆ ಸಕ್ರಮಗೊಳಿಸಲು ರೂಪಿಸಿದ ‘ಅಕ್ರಮ-ಸಕ್ರಮ’ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು.

ನಗರ ವ್ಯಾಪ್ತಿಗೆ ಸೇರ್ಪಡೆ

2007ರ ಜನವರಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆ, ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ಸುಮಾರು 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ನಗರದ ವಿಸ್ತೀರ್ಣ ಸುಮಾರು 226 ಚದರ ಕಿ.ಮೀ.ನಿಂದ 700 ಚದರ ಕಿ.ಮೀ.ಗೂ ಮೀರಿತು. ಅನಂತರದ 198 ವಾರ್ಡುಗಳಲ್ಲಿ ಕೆಂಗೇರಿ, ಉಳ್ಳಾಲು, ಹೇರೋಹಳ್ಳಿ ಮತ್ತು ಹೆಮ್ಮಿಗೆಪುರ ಸೇರಿದ್ದವು. ಪಂಚಾಯಿತಿಗಳ ಕಾಲದಲ್ಲಿ ಉಂಟಾದ ಕಿರಿದಾದ ಬೀದಿಗಳೂ ಅನುಮೋದನೆಯಿಲ್ಲದ ನಿವೇಶನಗಳೂ ಯಥಾಸ್ಥಿತಿಯಲ್ಲಿ ಪಾಲಿಕೆಗೆ ಬಂದವು. ಇಂತಹ ಆಸ್ತಿಗಳನ್ನು ಪಾಲಿಕೆಯು ‘ಬಿ’ ವಹಿಯಲ್ಲಿ ದಾಖಲಿಸಿತು. ಈ 110 ಗ್ರಾಮಗಳಿಗೆ ನೀರು ಪೂರೈಸುವ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ 5ನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಸೇರ್ಪಡೆಯಾದ 17 ವರ್ಷಗಳ ಅನಂತರ.

ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ಬಿಡಿಎ ಕೈಗೊಂಡ ನಾಡಪ್ರಭು ಕೆಂಪೇಗೌಡ ಬಡಾವಣೆಯು 12 ಗ್ರಾಮಗಳ 4,000 ಎಕರೆಗೂ ಹೆಚ್ಚು ಭೂಮಿಗೆ ಸಂಬಂಧಿಸಿದೆ. ನಮ್ಮ ಮೆಟ್ರೋ ನೇರಳೆ ಮಾರ್ಗವು 2021ರ ಆಗಸ್ಟ್‌ನಲ್ಲಿ ಕೆಂಗೇರಿಗೂ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ವಿಸ್ತರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ಇವನ್ನೂ ನೋಡಿ

* ಕೆಂಗೇರಿ
* ಕರ್ನಾಟಕದಲ್ಲಿ ಪಂಚಾಯತ್ ರಾಜ್ ವ್ಯವಸ್ಥೆ
* ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ
* ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ
* ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ